ಎರಡು ಬಾಗಿಲ ಕಾರು, ನಾಲ್ಕು ನಿಂಬೆಹಣ್ಣು

ಕೆಲಸ ಮಾಡಿ ಆಗುವ ಸುಸ್ತಿಗೆ ಒಂದು ಲೋಟ ಕಾಫಿ ಸಾಕು. ಕೆಲಸ ಎಲ್ಲಿಗೆ ಬಂತು ಎಂದು ಕೇಳುವವರಿಂದ ಆಗುವ ಸುಸ್ತಿಗೆ ಮಾತ್ರ ಮದ್ದಿಲ್ಲ. ಮನೆ ಕಟ್ಟಿಸುವವರು, ಪಿಎಚ್.ಡಿ. ಮಾಡುವವರು, ಮಗಳಿಗೆ ಗಂಡು ಹುಡುಕುವವರು ಇದನ್ನು ಬಲ್ಲರು. ನಾನು ಇವು ಯಾವುದನ್ನೂ ಮಾಡುತ್ತಿಲ್ಲ. ಒಂದು ಹಳೆಯ ಅಮೆರಿಕನ್ ಸ್ಪೋರ್ಟ್ಸ್ ಕಾರನ್ನು ರಿಪೇರಿ ಮಾಡಿಸುತ್ತಿದ್ದೇನೆ, ಅಷ್ಟೆ. ಹಾಲು ತರಲು ಹೋದರೆ ಹಾಲಿನವನು ಕೇಳುತ್ತಾನೆ, ಕ್ಷೌರಕ್ಕೆ ಕೂತರೆ ಕತ್ತರಿ ನಿಲ್ಲಿಸಿ ಕ್ಷೌರದವನು ಕೇಳುತ್ತಾನೆ. ನೆಂಟರ ಮನೆಯ ಊಟದಲ್ಲಿ ಬಡಿಸುವವನು ಸಾರಿನ ಬಕೆಟ್ಟನ್ನು ನನ್ನ ಎಲೆಯ ಮೇಲೆ ಹಿಡಿದುಕೊಂಡೇ, "ಗಾಡಿ ರೆಡಿ ಆಯ್ತಾ ಸಾರ್?" ಎನ್ನುತ್ತಾನೆ. ಆಯಿತು ಎಂದರೆ ಸುಳ್ಳಾಗುತ್ತದೆ. ಇಲ್ಲ ಎಂದರೆ ಯಾಕೆ ಎಂದು ವಿವರಿಸಬೇಕು, ಅಷ್ಟರಲ್ಲಿ ಸಾರು ಆರಿ ತಣ್ಣಗಾಗುತ್ತದೆ. ಈಚೆಗೆ "ಹೂಂ, ನಡೀತಿದೆ" ಅಂದುಬಿಡುತ್ತೇನೆ. ಕಾರೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ನಡೆಯುತ್ತಲೇ ಇರುವುದರಿಂದ ಅದು ಪೂರ್ತಿ ಸುಳ್ಳೂ ಅಲ್ಲ.

ನಾನು ಕಾಮರ್ಸ್ ಮೇಷ್ಟ್ರಾಗಿದ್ದವನು. ಯಾವ ಯಂತ್ರವಾದರೂ ಕೊಂಡ ದಿನದಿಂದಲೇ ಬೆಲೆ ಕಳೆದುಕೊಳ್ಳುತ್ತ ಹೋಗಿ ಕಡೆಗೆ ಗುಜರಿಯಾಗುತ್ತದೆ ಎಂಬ ಸವಕಳಿಯ ಪಾಠವನ್ನು ನಿವೃತ್ತಿಯಾಗುವ ತನಕ ಬೋರ್ಡಿನ ಮೇಲೆ ಬರೆದು ಬರೆದು ಹೇಳಿದವನು. ಆದರೆ ಪಾಠ ಇರುವುದು ಹುಡುಗರಿಗೆ, ಮೇಷ್ಟ್ರಿಗಲ್ಲ. ಚಿಕ್ಕಂದಿನಲ್ಲಿ ಅಗ್ರಹಾರದ ನಮ್ಮ ಬೀದಿಯ ತುದಿಗೆ ಒಮ್ಮೆ ಇಂಥದೊಂದು ಕೆಂಪು ಕಾರು ಬಂದಿತ್ತು. ಬೀದಿ ಕಿರಿದು, ಕಾರು ಅಗಲ. ಒಳಗೆ ಬರಲಾರದೆ ಮೂತಿ ಮಾತ್ರ ತೋರಿಸಿ ಹಿಂದಕ್ಕೆ ಹೋಯಿತು. ಆ ಉದ್ದ ಮೂತಿ, ಆ ಇಳಿಜಾರು ಬೆನ್ನು, ಆ ಎರಡೇ ಎರಡು ಬಾಗಿಲು ನನ್ನ ತಲೆಯೊಳಗೆ ಹೊಕ್ಕು ಅಲ್ಲೇ ಉಳಿದುಬಿಟ್ಟವು. ನಿವೃತ್ತಿಯ ವರ್ಷ ಯಾರೋ ಹಳೇ ಬಂಗಲೆಯೊಂದನ್ನು ಕೆಡವುವಾಗ ಹಿತ್ತಲ ಷೆಡ್ಡಿನಲ್ಲಿ ಅದೇ ಜಾತಿಯ ಕಾರು ಸಿಕ್ಕಿದೆಯೆಂದು ತಿಳಿದು ಓಡಿದೆ. ಅದರ ಹಿಂದಿನ ಸೀಟಿನಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು. ಕೋಳಿಯನ್ನು ಅವರು ಇಟ್ಟುಕೊಂಡರು, ಕಾರನ್ನು ನಾನು ಎಳೆಸಿಕೊಂಡು ಬಂದೆ.

ಮೈಸೂರಿನ ಗೋಕುಲಂ ಬಡಾವಣೆಯ ನಮ್ಮ ಮನೆಗೆ ಒಂದು ಪೋರ್ಟಿಕೋ ಇದೆ. ಕಾರು ಅದರೊಳಗೆ ನಿಂತ ದಿನ ನನ್ನ ಹೆಂಡತಿ ಸುಮಿತ್ರ ಅದನ್ನು ಒಂದು ಸುತ್ತು ಹಾಕಿ ನೋಡಿದಳು. "ಇಷ್ಟುದ್ದ ಇದೆ, ಎರಡೇ ಬಾಗಿಲಾ? ಹಿಂದೆ ಕೂರೋರು ಎಲ್ಲಿಂದ ಹತ್ತೋದು ರೀ, ಡಿಕ್ಕಿಯಿಂದ್ಲಾ?" ಎಂದು ಕೇಳಿದಳು. ಇದು ಸ್ಪೋರ್ಟ್ಸ್ ಕಾರು, ಗಾಳಿಯನ್ನು ಸೀಳಿಕೊಂಡು ಹೋಗುವುದಕ್ಕೆಂದೇ ಹೀಗೆ ಮಾಡಿದ್ದಾರೆ ಎಂದು ವಿವರಿಸಿದೆ. "ಸೀಳ್ಲಿ ಬಿಡಿ. ಎಷ್ಟು ದಿನ ಇಲ್ಲಿರುತ್ತೆ?" ಎಂದಳು. ಒಂದು ತಿಂಗಳು ಎಂದೆ. ಆಗ ನಾನು ನಂಬಿಯೇ ಹೇಳಿದ್ದು.

ಅವಳು ಹಾಗೆ ಕೇಳಿದ್ದಕ್ಕೆ ಕಾರಣವಿತ್ತು. ಯೋಗ ಕಲಿಯಲು ನಮ್ಮ ಬಡಾವಣೆಗೆ ಬಂದು ತಿಂಗಳುಗಟ್ಟಲೆ ಉಳಿಯುವ ವಿದೇಶಿಯರು ಬೆಳಗಿನ ಅಭ್ಯಾಸ ಮುಗಿಸಿ ಹಸಿದುಕೊಂಡು ಹೊರಗೆ ಬರುತ್ತಾರೆ. ಸುಮಿತ್ರ ಅವರಿಗೆ ಇಡ್ಲಿ, ದೋಸೆ, ಕಾಫಿ ಕೊಡಲು ಶುರುಮಾಡಿದ್ದಳು. ಕೈರುಚಿ ಚೆನ್ನಾಗಿತ್ತು, ಬರುವವರು ಹೆಚ್ಚಾದರು. ಆದರೆ ಕೂರಲು ಜಾಗವಿಲ್ಲ. ಕಾಂಪೌಂಡಿನ ಮೆಟ್ಟಿಲ ಮೇಲೆ, ಮೋರಿ ಕಟ್ಟೆಯ ಮೇಲೆ ತಟ್ಟೆ ಹಿಡಿದು ಕೂರುತ್ತಿದ್ದರು. ಬಿಸಿಲು ಬಂದರೆ, ಮಳೆ ಬಂದರೆ ಎದ್ದು ಬೇರೆ ಕಡೆ ಹೋಗುತ್ತಿದ್ದರು. ಒಂದು ದಿನ ಅವಳು ಒಗ್ಗರಣೆ ಸೌಟನ್ನು ಕೆಳಗಿಟ್ಟು ಹೇಳಿದಳು. "ಇಷ್ಟು ವರ್ಷ ನಿಮ್ಮ ಕಾಲೇಜು, ನಿಮ್ಮ ಪರೀಕ್ಷೆ, ನಿಮ್ಮ ನೆಂಟ್ರು ಅಂತಾನೇ ಕಳೀತು. ಈಗ ನನ್ನದು ಅಂತ ಒಂದು ಕೆಲಸ ಶುರು ಮಾಡಿದೀನಿ. ಅದಕ್ಕೆ ಜಾಗ ಇಲ್ಲ. ಓಡದೇ ಇರೋ ಕಾರಿಗೆ ಜಾಗ ಇದೆ." ನಾನು ಮೆಕ್ಯಾನಿಕ್ಕಿಗೆ ಫೋನ್ ಮಾಡಿದೆ.

ಮೆಕ್ಯಾನಿಕ್ ನಂಜುಂಡನ ಗ್ಯಾರೇಜು ವಿಜಯನಗರದ ಆಚೆ ತುದಿಯಲ್ಲಿದೆ. ಓಡದ ಕಾರಾದ್ದರಿಂದ ಅವನೇ ನಮ್ಮ ಮನೆಗೆ ಬಂದು ಕೆಲಸ ಮಾಡುತ್ತಿದ್ದ. ಒಳ್ಳೆಯವನು. ಆಗುವುದಿಲ್ಲ ಎಂಬ ಮಾತೇ ಅವನ ಬಾಯಲ್ಲಿ ಬರುವುದಿಲ್ಲ. ನನ್ನ ಸುಸ್ತಿನ ದೊಡ್ಡ ಪಾಲು ಇದರಿಂದಲೇ ಬಂದದ್ದು. ಕಾರು ಹುಟ್ಟಿದಾಗ ಹೇಗಿತ್ತೋ ಹಾಗೇ ಆಗಬೇಕು ಎಂಬುದು ನನ್ನ ಆಸೆ. ಅವನಿಗೆ ಗೊತ್ತಿದ್ದದ್ದು ಆಲ್ಟ್ರೇಷನ್. ನಮ್ಮೂರಲ್ಲಿ ಈ ಮಾತನ್ನು ಪ್ಯಾಂಟಿನ ಸೊಂಟ ಬಿಡಿಸುವ ದರ್ಜಿಯೂ ಆಡುತ್ತಾನೆ, ಇಂಜಿನ್ ಬದಲಾಯಿಸುವ ಮೆಕ್ಯಾನಿಕ್ಕೂ ಆಡುತ್ತಾನೆ. ಇಬ್ಬರಿಗೂ ಅದು ಯಾವಾಗಲೂ ಸಣ್ಣದೇ. "ಈ ಕಾರ್ಬ್ಯುರೇಟರು ಎಲ್ಲೂ ಸಿಗಾಕಿಲ್ಲ ಸಾ. ವ್ಯಾನಿಂದು ಕೂರುಸ್ಬುಡನ. ಸಣ್ಣ ಆಲ್ಟ್ರೇಷನ್ನು, ಅಷ್ಟೆಯಾ" ಎಂದ. ವ್ಯಾನಿನದು ಬಂತು. ಅದಕ್ಕೂ ಇಂಜಿನ್ನಿಗೂ ಒಗ್ಗಲಿಲ್ಲ, ಜೀಪಿನ ಇಂಜಿನ್ ಬಂತು. ಜೀಪಿನ ಇಂಜಿನ್ ತನ್ನ ಗೇರ್‌ಬಾಕ್ಸನ್ನು ಬಿಟ್ಟು ಬರಲೊಪ್ಪಲಿಲ್ಲ, ಅದೂ ಬಂತು. ದೀಪಗಳು ಟ್ರ್ಯಾಕ್ಟರಿನವು. ಸೀಟಿಗೆ ಆಟೋದವರು ಹಾಕಿಸುವ ನೀಲಿ ರೆಕ್ಸಿನ್, ಅಂಚಿಗೆ ಹಳದಿ ಪಟ್ಟಿ. ಒಂದು ದಿನ ತಡೆಯಲಾರದೆ, "ಒರಿಜಿನಲ್ ಅಂತ ಏನಾದ್ರೂ ಉಳಿದಿದೆಯೇನಪ್ಪ ಇದರಲ್ಲಿ?" ಎಂದು ಕೇಳಿದೆ. ನಂಜುಂಡನಿಗೆ ಬೇಸರವಾಯಿತು. "ಯಾಕ್ ಸಾ ಅಂಗಂತೀರಿ? ಸ್ಟಿಯರಿಂಗು ಎಡಗಡೀಕೇ ಅದೆ ಅಲ್ವಾ?" ಎಂದ. ಆಮೇಲೆ ನನ್ನ ಮುಖ ನೋಡಿ, "ಬೇಕಾದ್ರೆ ಅದ್ನೂ ಬಲಕ್ಕೆ ಮಾಡ್ಬುಡನ" ಎಂದು ಸೇರಿಸಿದ. ಬೇಡವೇ ಬೇಡ, ಅದೊಂದಾದರೂ ಅಮೆರಿಕದ್ದು ಉಳಿಯಲಿ ಎಂದು ಹಟ ಹಿಡಿದೆ.

ಮೈಸೂರಿನಲ್ಲಿ ಆಯುಧಪೂಜೆಯ ದಿನ ಸ್ಕ್ರೂಡ್ರೈವರಿಗೂ ಕುಂಕುಮ ಸಿಗುತ್ತದೆ. ಓಡದ ಕಾರಾದರೂ ಪೂಜೆ ತಪ್ಪಿಸುವ ಹಾಗಿಲ್ಲ. ಪೂಜೆ ಎಂದ ಮೇಲೆ ನಾಲ್ಕು ಚಕ್ರಕ್ಕೂ ಒಂದೊಂದು ನಿಂಬೆಹಣ್ಣು ಇಡಬೇಕು, ಗಾಡಿ ಅದನ್ನು ಹತ್ತಿ ಇಳಿಯಬೇಕು. ಹೋದ ವರ್ಷ ಬೀದಿಯವರೆಲ್ಲ ಸೇರಿ ಕಾರನ್ನು ತಳ್ಳಿದರು. ಅದು ಹಣ್ಣಿನ ತನಕ ಬಂದು ನಿಂತುಬಿಟ್ಟಿತು. ಎಲ್ಲರೂ ಪಂಚೆ ಎತ್ತಿ ಕಟ್ಟಿ ಇನ್ನೊಮ್ಮೆ ತಳ್ಳಿದರು, ಹಣ್ಣಿಗೆ ಏನೂ ಆಗಲಿಲ್ಲ. ಸುಮಿತ್ರ ಬಂದು ಹಣ್ಣುಗಳನ್ನು ಎತ್ತಿಕೊಂಡು, "ಚೆನ್ನಾಗಿವೆ, ಚಿತ್ರಾನ್ನ ಮಾಡ್ಬಹುದು" ಎಂದಳು. ಮಾಡಲಿಲ್ಲ, ಆದರೆ ಅಂದದ್ದು ಎಲ್ಲರಿಗೂ ಕೇಳಿಸಿತು.

ಈ ವರ್ಷ ದಸರಾ ಹತ್ತಿರ ಬಂದಾಗ ಅವಳು ಊಟಕ್ಕೆ ಬಡಿಸುತ್ತ ಷರತ್ತು ಹಾಕಿದಳು. "ನೋಡಿ, ಈ ಸಲ ಯಾರೂ ತಳ್ಳೋ ಹಾಗಿಲ್ಲ. ನಿಮ್ಮ ಕಾರು ತಾನೇ ಸ್ಟಾರ್ಟ್ ಆಗಿ, ತಾನೇ ಹೋಗಿ ನಾಲ್ಕೂ ನಿಂಬೆಹಣ್ಣು ಅಪ್ಪಚ್ಚಿ ಮಾಡಿದ್ರೆ ಪೋರ್ಟಿಕೋ ಅದಕ್ಕೇ ಇರ್ಲಿ. ನಾನು ಮತ್ತೆ ಆ ಮಾತೆತ್ತಲ್ಲ. ಇಲ್ಲಾಂದ್ರೆ ಹಬ್ಬ ಕಳೀತಿದ್ದ ಹಾಗೇ ಗುಜರಿಯವನನ್ನ ಕರೀತೀನಿ." ಹುಳಿಯ ಸೌಟು ಅವಳ ಕೈಯಲ್ಲಿತ್ತು, ನಾನು ಒಪ್ಪಿದೆ. ಮಾರನೇ ದಿನ ನೋಡುತ್ತೇನೆ, ಕಾರಿನ ಸುತ್ತ ಮತ್ತು ಅಡಿಯಲ್ಲಿ ಸೀಮೆಸುಣ್ಣದಿಂದ ಮೇಜುಗಳ ಗುರುತು ಹಾಕಿದ್ದಳು. ಒಂದೊಂದು ಮೇಜಿಗೂ ಕುರ್ಚಿ ಎಲ್ಲಿ ಬರುತ್ತದೆಂದು ಸಣ್ಣ ಸೊನ್ನೆ ಬರೆದಿದ್ದಳು.

ಪೂಜೆಯ ದಿನ ನಂಜುಂಡ ಮಿಂದು ಮಡಿಯಾಗಿ, ವಿಭೂತಿ ಹಚ್ಚಿಕೊಂಡು ಬಂದ. ಕಾರಿನ ಮೂತಿ ಗೇಟಿನ ಕಡೆಗಿತ್ತು. ಸೇವಂತಿಗೆ ಹಾರ ಹಾಕಿ, ಬೂದುಗುಂಬಳಕಾಯಿ ಒಡೆದು, ಹಣ್ಣುಗಳನ್ನಿಟ್ಟು ಎಲ್ಲರೂ ದೂರ ನಿಂತರು. ಕೀ ತಿರುಗಿಸಿದೆ. ಕಾರು ಕೆಮ್ಮಿತು, ಹೊಗೆ ಬಿಟ್ಟಿತು, ಇನ್ನೊಮ್ಮೆ ಕೆಮ್ಮಿತು, ಸ್ಟಾರ್ಟ್ ಆಯಿತು. ನಿಜ ಹೇಳುತ್ತೇನೆ, ಅಲ್ಲಿದ್ದವರಲ್ಲಿ ಹೆಚ್ಚು ಆಶ್ಚರ್ಯಪಟ್ಟವನು ನಾನೇ. ಕಾರು ನಿಧಾನವಾಗಿ ಮುಂದೆ ಸರಿಯಿತು, ಹಣ್ಣುಗಳು ಪಚಕ್ಕೆಂದವು, ಬೀದಿಯವರು ಚಪ್ಪಾಳೆ ತಟ್ಟಿದರು. ನಾನು ಸುಮಿತ್ರಳ ಮುಖ ನೋಡಿದೆ. ಅವಳು ನೆಲದ ಮೇಲಿನ ಸೀಮೆಸುಣ್ಣದ ಗೆರೆಗಳನ್ನು ನೋಡುತ್ತಿದ್ದಳು. "ಸರಿ ಬಿಡಿ, ಗೆದ್ರಿ" ಎಂದಳು. ಗೆದ್ದವನಿಗೆ ಆಗಬೇಕಾದ ಸಂತೋಷ ನನಗೆ ಆಗಲಿಲ್ಲ.

ಅಲ್ಲಿಗೇ ಇಳಿದಿದ್ದರೆ ಆಗುತ್ತಿತ್ತು. "ಇಳೀರಿ ಸಾ, ತಳ್ಕೊಂಡು ಒಳೀಕೆ ಬುಟ್ಬುಡ್ತೀವಿ" ಎಂದು ನಂಜುಂಡನೂ ಹೇಳಿದ. ಓಡುವ ಕಾರನ್ನು ಯಾರಾದರೂ ತಳ್ಳುತ್ತಾರೆಯೇ ಎಂದು ನಾನೇ ರಿವರ್ಸ್ ಹಾಕಿದೆ. ಮುಂದಕ್ಕೆ ಅಷ್ಟು ಸಂಕೋಚದಿಂದ ಹೋದ ಕಾರು ಹಿಂದಕ್ಕೆ ನುಗ್ಗಿತು. ಹಿಂದೆ ಅಡುಗೆಮನೆಯ ಗೋಡೆ. ಬ್ರೇಕು ತುಳಿದೆ, ಅದು ಯೋಚನೆ ಮಾಡುತ್ತಿತ್ತು. ಗೇರನ್ನಾದರೂ ತಪ್ಪಿಸೋಣವೆಂದುಕೊಂಡೆ. ಇಲ್ಲೇ ನೋಡಿ, ನನ್ನ ಹಟ ನನಗೆ ಕೈಕೊಟ್ಟದ್ದು. ನಾನು ಜೀವಮಾನವಿಡೀ ಬಲಗಡೆ ಕೂತು ಎಡಗೈಯಲ್ಲಿ ಗೇರು ಹಾಕಿದವನು. ಸ್ಟಿಯರಿಂಗು ಎಡಕ್ಕಿರುವ ಈ ಕಾರಿನಲ್ಲಿ ಗೇರು ಇರುವುದು ಬಲಗೈಗೆ. ಸಮಾಧಾನವಾಗಿದ್ದಾಗ ಅದು ನೆನಪಿರುತ್ತದೆ, ಗಾಬರಿಯಾದಾಗ ಕೈ ಯಾರ ಮಾತನ್ನೂ ಕೇಳುವುದಿಲ್ಲ. ಎಡಗೈ ತಾನಾಗಿ ಹೋಗಿ ಸಿಕ್ಕಿದ್ದನ್ನು ಹಿಡಿದು ಎಳೆಯಿತು. ಸಿಕ್ಕಿದ್ದು ಬಾಗಿಲಿನ ಹಿಡಿ. ಎರಡೇ ಬಾಗಿಲಿನ ಕಾರಿಗೆ ಒಂದೊಂದು ಬಾಗಿಲೂ ಗೇಟಿನಷ್ಟಿರುತ್ತದೆ. ಅದು ಅಗಲವಾಗಿ ತೆರೆದುಕೊಂಡು ಪೋರ್ಟಿಕೋದ ಕಂಬಕ್ಕೆ ಸಿಕ್ಕಿತು. ಕಾರು ಹಿಂದಕ್ಕೆ ಹೋಯಿತು, ಬಾಗಿಲು ಮುಂದಕ್ಕೆ ಮಡಚಿಕೊಂಡಿತು. "ಅಯ್ಯೋ, ಕೈಕಾಲು ನೋಡ್ಕೊಳ್ಳಿ ರೀ" ಎಂದು ಸುಮಿತ್ರ ಕೂಗಿದ್ದು ಕೇಳಿಸಿತು. ಆಮೇಲೆ ಇಂಜಿನ್ ನಿಂತಿತು. ಅದು ಇವತ್ತಿನವರೆಗೂ ಮತ್ತೆ ಬಾಯಿ ಬಿಟ್ಟಿಲ್ಲ.

"ಏನೂ ಆಗಿಲ್ಲ ಬುಡಿ ಸಾ" ಎಂದ ನಂಜುಂಡ. ಬಾಗಿಲನ್ನು ಬಿಚ್ಚಿ, ತಟ್ಟಿ ಸರಿಮಾಡಿಕೊಂಡು ಬರುತ್ತೇನೆಂದು ಆಟೋದಲ್ಲಿ ಹಾಕಿಕೊಂಡು ಹೋದ. ನಾನು ಸುಮಿತ್ರಳ ಜಾಗದಲ್ಲಿದ್ದಿದ್ದರೆ ಗುಜರಿಯವನಿಗೆ ಆಗಲೇ ಹೇಳಿಕಳುಹಿಸುತ್ತಿದ್ದೆ. ಅವಳು ಒದ್ದೆ ಬಟ್ಟೆ ತಂದು ಸೀಮೆಸುಣ್ಣದ ಗೆರೆಗಳನ್ನು ಒರೆಸತೊಡಗಿದಳು. ಅದನ್ನು ನೋಡಲಾಗಲಿಲ್ಲ. "ಬಿಡು ಕಣೇ, ಇದನ್ನ ಕೊಟ್ಬಿಡೋಣ, ನೀನು ಮೇಜು ಹಾಕ್ಕೋ" ಎಂದೆ. "ಮಾತು ಅಂದ್ರೆ ಮಾತು. ನಾಲ್ಕೂ ಒಡೀತು, ನಾನೇ ನೋಡಿದೀನಿ. ಬಾಗಿಲಿನ ವಿಷಯ ಷರತ್ತಿನಲ್ಲಿ ಇರ್ಲಿಲ್ಲ" ಎಂದಳು. ಸೋತವಳಿಗಿಂತ ಗೆದ್ದವನೇ ಬೈಸಿಕೊಂಡ ಹಾಗಾಯಿತು.

ಹೀಗಿರುವಾಗ ಒಂದು ಬೆಳಿಗ್ಗೆ ಇದ್ದಕ್ಕಿದ್ದಂತೆ ಮಳೆ ಬಂತು. ಮೆಟ್ಟಿಲ ಮೇಲೆ ಕೂತಿದ್ದ ಯೋಗದವರು ಚೆದುರಿ ಓಡಿದರು. ಅವರಲ್ಲಿ ಒಬ್ಬಾಕೆ, ಅಮೆರಿಕದವಳು, ಇಡ್ಲಿ ತಟ್ಟೆಯನ್ನು ಸೆರಗಿನಂಥ ಶಾಲಿನೊಳಗೆ ಮುಚ್ಚಿಕೊಂಡು ಪೋರ್ಟಿಕೋಗೆ ನುಗ್ಗಿದಳು. ಬಾಗಿಲಿಲ್ಲದ ಕಾರು ಕಂಡಿತು. ಯಾರನ್ನೂ ಕೇಳದೆ ಸ್ಟಿಯರಿಂಗಿನ ಮುಂದೆ ಕೂತು, ಚಟ್ನಿಯ ಬಟ್ಟಲನ್ನು ಡ್ಯಾಶ್‌ಬೋರ್ಡಿನ ಮೇಲಿಟ್ಟು ಸಾವಕಾಶವಾಗಿ ತಿನ್ನತೊಡಗಿದಳು. ನಾನು ಎಬ್ಬಿಸಲು ಹೊರಟೆ. ಸುಮಿತ್ರ ಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು, "ಸುಮ್ನಿರಿ ರೀ" ಎಂದಳು. ಅವಳ ದನಿಯಲ್ಲಿ ಏನೋ ಲೆಕ್ಕಾಚಾರವಿತ್ತು.

ಮಾರನೇ ದಿನ ಆಕೆ ಗೆಳತಿಯನ್ನು ಕರೆತಂದಳು. ಆಮೇಲೆ ಹಿಂದಿನ ಸೀಟಿಗೂ ಇಬ್ಬರು ಬಂದರು. ಕಾರಿನಲ್ಲಿ ಜಾಗ ಸಿಗದವರು ಸಿಗುವ ತನಕ ಕಾಯತೊಡಗಿದರು. ಕಾಯುವವರು ಇನ್ನೊಂದು ಕಾಫಿ ಕುಡಿಯುತ್ತಾರೆ. ಕಾರಿನ ಉದ್ದ ಮೂತಿಯ ಮೇಲೆ ಸುಮಿತ್ರ ಬಾಳೆಲೆ ಹಾಸಿ ಸಾಂಬಾರಿನ ಪಾತ್ರೆ, ಚಟ್ನಿ, ಲೋಟಗಳನ್ನು ಜೋಡಿಸಿದಳು. "ಮೇಜಿಗಿಂತ ಇದೇ ಅನುಕೂಲ ಕಣ್ರೀ, ಎತ್ತರಾನೂ ಸರಿಯಾಗಿದೆ" ಎಂದಳು. ಅಷ್ಟರಲ್ಲಿ ನಂಜುಂಡನ ಫೋನ್ ಬಂತು, ಬಾಗಿಲು ತಟ್ಟಿ ಆಯಿತು, ತರಲೇ ಎಂದು. ನನ್ನ ಕೈಯಿಂದ ಫೋನನ್ನು ಅವಳೇ ಇಸಕೊಂಡಳು. "ಅದು ಅಲ್ಲೇ ಇರ್ಲಿ ನಂಜುಂಡಪ್ಪ. ಬಿಡುವಾದಾಗ ಬಂದು ಆ ಕಡೆ ಬಾಗಿಲನ್ನೂ ಬಿಚ್ಕೊಂಡು ಹೋಗು. ಸಣ್ಣ ಆಲ್ಟ್ರೇಷನ್ನು" ಎಂದಳು. ನಂಜುಂಡ ಬಂದ. ಇಷ್ಟು ದಿನದಲ್ಲಿ ಅವನು ಹೇಳಿದ ಹೊತ್ತಿಗೆ ಬಂದದ್ದು ಅದೇ ಮೊದಲು.

ಈಗ ಬೆಳಿಗ್ಗೆ ಎದ್ದರೆ ನನಗೆ ತಟ್ಟೆ ತರುವುದು, ತಟ್ಟೆ ಒಯ್ಯುವುದು, ಸಾಂಬಾರು ಬೇಕೇ ಎಂದು ಕಾರಿನೊಳಗೆ ಬಗ್ಗಿ ಕೇಳುವುದು, ಇದೇ ಕೆಲಸ. ಸೊಂಟ ಬಿದ್ದುಹೋಗಿದೆ. ಮೊನ್ನೆ ಜನ ಸ್ವಲ್ಪ ಕಡಿಮೆಯಾದ ಹೊತ್ತು ನೋಡಿ, ಹೆಗಲ ಮೇಲಿನ ಟವೆಲ್ಲಿನಿಂದ ಸೀಟು ಒರೆಸಿ ಸ್ಟಿಯರಿಂಗಿನ ಮುಂದೆ ಕೂತೆ. ಎಷ್ಟಾದರೂ ನನ್ನ ಕಾರು. ಕಣ್ಣು ಮುಚ್ಚಿದೆನೋ ಇಲ್ಲವೋ, ಒಳಗಿನಿಂದ ಸುಮಿತ್ರಳ ದನಿ ಬಂತು. "ರೀ, ಅಲ್ಲಿ ಕೂತ್ರೆ ಏನಾದ್ರೂ ಆರ್ಡರ್ ಮಾಡ್ಬೇಕು." ಹಾಗಾದರೆ ಒಂದು ಕಾಫಿ ಕೊಡು ಎಂದೆ. "ಮನೆಯವರಿಗೆ ಸೆಲ್ಫ್ ಸರ್ವೀಸು, ಬಂದು ತಗೊಂಡ್ಹೋಗಿ" ಎಂದಳು. ಎದ್ದು ಹೋಗಿ ಬಿಸಿ ಕಾಫಿ ಬಗ್ಗಿಸಿಕೊಂಡು ಬರುವಷ್ಟರಲ್ಲಿ ನನ್ನ ಸೀಟಿನಲ್ಲಿ ಹೊಸಬನೊಬ್ಬ ಕಾಲು ಚಾಚಿ ಕೂತಿದ್ದ. ನನ್ನನ್ನು ನೋಡಿದ್ದೇ, ಥ್ಯಾಂಕ್ ಯೂ ಎಂದು ನಕ್ಕು ಕೈಯಲ್ಲಿದ್ದ ಲೋಟ ತೆಗೆದುಕೊಂಡ. ಸ್ಟಿಯರಿಂಗನ್ನು ಪ್ರೀತಿಯಿಂದ ತಟ್ಟಿ, ಬಹಳ ಚೆನ್ನಾಗಿದೆ, ಇದರ ಓನರ್ ಯಾರು ಎಂದು ಇಂಗ್ಲಿಷಿನಲ್ಲಿ ಕೇಳಿದ. ನಾನು ಅಡುಗೆಮನೆಯ ಕಡೆ ನೋಡಿದೆ. ಓನರ್ ಒಳಗಿದ್ದಾರೆ, ದೋಸೆ ಹಾಕುತ್ತಿದ್ದಾರೆ ಎಂದೆ. ಆಮೇಲೆ, ಸಕ್ಕರೆ ಸಾಕೇ ಎಂದು ಕೇಳಿದೆ.