ಸ್ಟಂಪಿನ ಹಿಂದೆ ನನ್ನಂಥವನು ಇನ್ನೊಬ್ಬನಿಲ್ಲ

ನಾನು ಬಾಯಿ ಮುಚ್ಚಿಕೊಂಡು ಕೂತರೂ ಏನಾದರೊಂದು ನಡೆದೇ ನಡೆಯುತ್ತದೆ. ಬಾಯಿ ತೆರೆದರಂತೂ ಕೇಳುವುದೇ ಬೇಡ. ಈ ಸಲ ನಡೆದದ್ದು ಗಂಭೀರ ವಿಷಯ. ನಗುವವರು ಕೊನೆಯಲ್ಲಿ ನಗಲಿ.

ಸಿಂಗಾಪುರದಲ್ಲಿ ನಮ್ಮ ಕನ್ನಡದವರ ಕ್ರಿಕೆಟ್ ಟೀಮ್ ಒಂದಿದೆ. ಅದು ಹುಟ್ಟಿದಾಗಿನಿಂದ ಆಡಿದವರಲ್ಲೆಲ್ಲ ಹನ್ನೊಂದು ಮಹಾಶೂರರನ್ನು ಆರಿಸಿ, ವಾರ್ಷಿಕೋತ್ಸವದಲ್ಲಿ ಶಾಲು ಹೊದಿಸಿ, ಮೈಸೂರು ಪೇಟ ಇಟ್ಟು ಸನ್ಮಾನ ಮಾಡುವುದೆಂದು ತೀರ್ಮಾನವಾಯಿತು. ಹತ್ತು ಜಾಗ ಒಂದೇ ಸಂಜೆಗೆ ತುಂಬಿದವು. ಉಳಿದದ್ದು ವಿಕೆಟ್ ಕೀಪರ್ ಜಾಗ. ಅದಕ್ಕೆ ಮೂರು ಕಾಲದ ಮೂವರು. ಮೊದಲ ಕಾಲಕ್ಕೆ ನಾನು, ಇಲ್ಲಿನ ಉಬಿ ಪ್ರದೇಶದ ವರ್ಕ್‌ಶಾಪಿನ ವೆಲ್ಡರ್. ನಡುಗಾಲಕ್ಕೆ ಮೈಸೂರಿನ ಬ್ಯಾಂಕಿನವರು. ಈಗಿನ ಕಾಲಕ್ಕೆ ಇಲ್ಲೇ ಹುಟ್ಟಿ ಬೆಳೆದ ಒಬ್ಬ ಎಂಜಿನಿಯರ್; ಟೀಮಿನ ಕಾರ್ಯದರ್ಶಿಯೂ ಅವನೇ. ಜಾಗ ಯಾರಿಗೆ ಅಂತ ನಾವು ಮೂವರೇ ಕೂತು ತೀರ್ಮಾನಿಸಬೇಕು ಅಂತಾಯಿತು.

ನಮ್ಮ ಮನೆ ಗೋಡೆಯ ಮೇಲೆ ಮಕ್ಕಳ ಡಿಗ್ರಿ ಫೋಟೋ ಇವೆ, ಹೆಂಡತಿಯ ರಂಗೋಲಿ ಬಹುಮಾನವಿದೆ. ಶಾಲೆ ಕಡೆ ತಲೆ ಹಾಕದ ನನ್ನದು ಅಂತ ಇರುವುದು ಕ್ಯಾಲೆಂಡರಿಗೆ ನಾನು ಹೊಡೆದ ಮೊಳೆ ಮಾತ್ರ. ಆ ಶಾಲು ನನಗೆ ಬೇಕೇ ಬೇಕಿತ್ತು.

ನಿಂತುಹೋದ ಬೇಲ್ಸ್

ಸೆರಂಗೂನಿನಲ್ಲಿ ನಮ್ಮ ಬ್ಲಾಕಿನ ಕೆಳಗಿನ ವಾಯ್ಡ್ ಡೆಕ್ಕಿನಲ್ಲಿ, ಅಂದರೆ ಗೋಡೆಯಿಲ್ಲದ ಖಾಲಿ ನೆಲಮಹಡಿಯಲ್ಲಿ, ಮೂವರೂ ಕಲ್ಲುಬೆಂಚಿನ ಮೇಲೆ ಕೂತೆವು; ನಾನು ನನ್ನ ಕಾಲದ ಒಂದು ಸ್ಟಂಪಿಂಗ್ ಹೇಳಿದೆ. ಬ್ಯಾಟ್ಸ್‌ಮನ್ನಿನ ಹಿಮ್ಮಡಿ ಇಷ್ಟೇ ಇಷ್ಟು ಎದ್ದಿತ್ತು. ನಾನು ಎಷ್ಟು ಬೇಗ ಹೊಡೆದೆನೆಂದರೆ ಬೇಲ್ಸ್‌ಗೆ ತಾವು ಬೀಳಬೇಕು ಅನ್ನುವುದೇ ಗೊತ್ತಾಗಲಿಲ್ಲ. ಗಾಳಿಯಲ್ಲಿ ಹಾಗೇ ನಿಂತವು. ಅಂಪೈರ್ ಹೋಗಿ ಚಹಾ ಕುಡಿದು ಬಂದ ಮೇಲೆ ಬಿದ್ದವು, ಆಮೇಲೆ ಬೆರಳೆತ್ತಿದ.

"ಅಲ್ಲಾ ಕಣ್ರೀ, ಅಷ್ಟು ಹೊತ್ತು ಬ್ಯಾಟ್ಸ್‌ಮನ್ ಏನ್ ಮಾಡ್ತಿದ್ದ? ಕ್ರೀಸಿಗೆ ವಾಪಸ್ ಬರಬಹುದಿತ್ತಲ್ಲ?" ಅಂದರು ಬ್ಯಾಂಕಿನವರು.

"ಅವನೂ ಚಹಾಕ್ಕೆ ಹೋಗಿದ್ದ," ಅಂದೆ.

ಸಾಕ್ಷಿ

ಎಂಜಿನಿಯರ್ ಲ್ಯಾಪ್‌ಟಾಪ್ ತಂದಿದ್ದ. ತನ್ನ ಕ್ಯಾಚುಗಳನ್ನು ನಿಧಾನಗತಿಯಲ್ಲಿ ತೋರಿಸಿದ. ಚೆನ್ನಾಗಿಯೇ ಇದ್ದವು, ಸುಳ್ಳು ಯಾಕೆ ಹೇಳಲಿ. ಆದರೆ ಅವನ ಗ್ಲೌಸು ಹೂವಿನ ಹಾಗೆ ಮೆತ್ತಗೆ. ನಾವು ವೆಲ್ಡಿಂಗ್ ಮಾಡುವ ಚರ್ಮದ ಗ್ಲೌಸು ಹಾಕಿಕೊಂಡು ಕೀಪಿಂಗ್ ಮಾಡಿದವರು. ಚೆಂಡು ಬಂದು ಬಡಿದರೆ ಕಿಡಿ ಹಾರುತ್ತಿತ್ತು. ಹಾಗಂತ ಹೇಳಿದೆ.

"ಅಂಕಲ್, ನಿಮ್ಮ ವಿಡಿಯೋ ಇದ್ಯಾ? ವಿಡಿಯೋ ಇಲ್ದೆ ಕನ್ಸಿಡರ್ ಮಾಡೋಕಾಗಲ್ಲ ಲಾ," ಅಂದ, ಸಿಂಗಾಪುರದವರ ಹಾಗೆ ಕೊನೆಗೊಂದು 'ಲಾ' ಸೇರಿಸಿ.

"ನಿಮ್ಮ ಅಜ್ಜನ ಮದುವೆ ವಿಡಿಯೋ ಇದೆಯೇನಪ್ಪಾ?"

"ಇಲ್ಲ."

"ಮತ್ತೆ ನಿನ್ನನ್ನು ಹ್ಯಾಗೆ ಕನ್ಸಿಡರ್ ಮಾಡೋದು?"

ಅವನು ಲ್ಯಾಪ್‌ಟಾಪ್ ಮುಚ್ಚಿದ. "ಸೀನಿಯರ್ಸ್ ನೀವಿಬ್ರೇ ಡಿಸೈಡ್ ಮಾಡ್ಕೊಳ್ಳಿ ಅಂಕಲ್, ನಾನು ಔಟ್," ಅಂದ.

ಕುಕ್ಕರಗಾಲಿನ ಪಂದ್ಯ

ಉಳಿದವರು ಇಬ್ಬರು. ಹಾಕರ್ ಸೆಂಟರಿನ ತಿಂಡಿ ಅಂಗಡಿಗಳ ನಡುವೆ ಕಾಫಿ ಮುಂದಿಟ್ಟುಕೊಂಡು ಎರಡು ಭಾನುವಾರ ವಾದ ಮಾಡಿದೆವು. "ನಿಮಗೆ ಕೀಪರ್ ಕೂರೋ ಭಂಗಿನೇ ಗೊತ್ತಿಲ್ಲ ಕಣ್ರೀ," ಅಂದುಬಿಟ್ಟರು ಬ್ಯಾಂಕಿನವರು. ನನಗೆ ರೋಷ ಬಂತು. ಅಲ್ಲೇ ಮೇಜಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ತೋರಿಸಿದೆ. "ಹಾಗಲ್ಲ, ಹೀಗೆ," ಅಂತ ಅವರೂ ಕೂತರು.

ಕೂತದ್ದೇನೋ ಸರಿ. ಏಳಲು ನೋಡಿದರೆ ನನ್ನ ಮಂಡಿ ಒಪ್ಪಲಿಲ್ಲ. ಅವರ ಮುಖ ನೋಡಿದೆ, ಅವರದೂ ಒಪ್ಪಿರಲಿಲ್ಲ. ಸೋತೆ ಅಂತ ಇಬ್ಬರೂ ಹೇಳುವವರಲ್ಲ. ಹಾಗೇ ಕೂತು ವಾದ ಮುಂದುವರಿಸಿದೆವು. ತಟ್ಟೆ ತೆಗೆಯುವ ಚೀನೀ ಆಂಟಿ, ಇವರದೇನೋ ಬಿದ್ದುಹೋಗಿದೆ ಅಂದುಕೊಂಡು, ಪಾಪ, ತಾನೂ ಬಗ್ಗಿ ಮೇಜಿನ ಕೆಳಗೆ ಹುಡುಕತೊಡಗಿದಳು.

"ಅಂಕಲ್, ಯು ಲಾಸ್ಟ್ ವಾಟ್ ಆ?" ಅಂದಳು, ಏನು ಕಳೆದುಕೊಂಡಿರಿ ಅಂತ.

ಬ್ಯಾಂಕಿನವರು ಬಹಳ ಗಂಭೀರವಾಗಿ ಹೇಳಿದರು: "ಫಾರ್ಟಿ ಇಯರ್ಸ್."

ಹಾರ

ಆಮೇಲೆ ಬ್ಯಾಂಕಿನವರು ಮನೆಯದೇನೋ ಕೆಲಸವಿದೆಯೆಂದು ಮೈಸೂರಿಗೆ ಹೋದರು. ತೀರ್ಮಾನ ವಾರ್ಷಿಕೋತ್ಸವದ ದಿನವೇ, ಅವರು ಬಂದ ಮೇಲೆ, ಅಂತಾಯಿತು. ಎಂಜಿನಿಯರ್ ನನ್ನಿಂದ ಒಂದು ಹಳೆಯ ಫೋಟೋ ಕೇಳಿ ಇಸಿದುಕೊಂಡ.

ಅವತ್ತು ಪಂಚೆ ಉಟ್ಟು ಎಂಆರ್‌ಟಿ ರೈಲು ಹಿಡಿದು ಹೋಗಿ ಸಭಾಂಗಣದ ಹಿಂಬಾಗಿಲಿನಿಂದ ಒಳಗೆ ಬಂದೆ. ವೇದಿಕೆಯ ಮೇಲೆ ನನ್ನ ಫೋಟೋ ದೊಡ್ಡದಾಗಿ ನಿಂತಿದೆ. ಅದಕ್ಕೆ ಗಂಧದ ಹಾರ, ಮುಂದೆ ದೀಪ, ಊದಿನಕಡ್ಡಿ. ಎಂಜಿನಿಯರ್ ತನ್ನ ಮನೆಯಲ್ಲಿ ಅಜ್ಜನ ಫೋಟೋಗೆ ಹೀಗೇ ಮಾಡಿದ್ದನ್ನು ನೋಡಿದ್ದನಂತೆ. ಟೀಮಿನ ಎಲ್ಲರಿಗಿಂತ ಹಿರಿಯನಿಗೆ ಮರ್ಯಾದೆ ಅಂದರೆ ಇದೇ ಅಂದುಕೊಂಡಿದ್ದ. ಬದುಕಿರುವವರ ಫೋಟೋಗೆ ಹಾರ ಹಾಕಬಾರದು ಅಂತ ಅವನಿಗೆ ಯಾರು ಹೇಳಬೇಕು?

ಬ್ಯಾಂಕಿನವರು ಏರ್‌ಪೋರ್ಟಿನಿಂದ ನೇರ ಬಂದವರು. ಫೋಟೋ ನೋಡಿದ್ದೇ ಮೈಕ್ ಹಿಡಿದುಬಿಟ್ಟಿದ್ದರು. ಕುರ್ಚಿ ಜೋಡಿಸುತ್ತಿದ್ದವರೆಲ್ಲ ಹೊಸಬರು, ನನ್ನ ಗುರುತಿಲ್ಲ. ಒಂದು ನಿಮಿಷ ಮೌನ ಅಂದಾಗ ಎಲ್ಲರೂ ತಲೆತಗ್ಗಿಸಿ ನಿಂತರು. ನಾನೂ ನಿಂತೆ. ಸತ್ತವರ ವಿಷಯದಲ್ಲಿ ನಿಲ್ಲದಿದ್ದರೆ ಅಗೌರವ.

"ಇಂಥ ಕೀಪರ್ ಮೂರು ಕಾಲಕ್ಕೂ ಇಲ್ಲ," ಅಂದರು ಬ್ಯಾಂಕಿನವರು. "ನನಗಿಂತ ಒಂದು ಕೈ ಮೇಲು. ಬದುಕಿದ್ದಾಗ ಒಪ್ಕೊಳ್ಳಲಿಲ್ಲ. ಒಪ್ಪಿದ್ರೆ ಆಮೇಲೆ ಅವರ ಬಾಯಿ ಹಿಡಿಯೋರು ಯಾರು?"

ನನ್ನ ಕಣ್ಣು ತುಂಬಿ ಬಂತು. ಬದುಕಿದ್ದೇನೆ ಅಂತ ಹೇಳಲು ಅವಸರವೇನೂ ಕಾಣಲಿಲ್ಲ. ಕಂಬದ ಮರೆಗೆ ಸರಿದೆ. ಆದರೆ ಅವರು ಅಲ್ಲಿಗೇ ನಿಲ್ಲಿಸಬೇಕಲ್ಲ!

"ಲೆಗ್ ಸೈಡ್ ಮಾತ್ರ ಸ್ವಲ್ಪ ವೀಕು," ಅಂದರು.

"ಯಾರ್ರೀ ಲೆಗ್ ಸೈಡ್ ವೀಕು?" ಅಂತ ನಾನು ಕಂಬದ ಹಿಂದಿನಿಂದ ಕೂಗಿದೆ.

ಒಬ್ಬಾಕೆ ಕಿರುಚಿದಳು. ಬ್ಯಾಂಕಿನವರು ವೇದಿಕೆ ಇಳಿದು ಬಂದು ನನ್ನ ಎರಡೂ ಭುಜ ಮುಟ್ಟಿ ಮುಟ್ಟಿ ನೋಡಿದರು. ಅತ್ತೇಬಿಟ್ಟರು. ನಾನೂ ಅತ್ತೆ. ಆಮೇಲೆ ಅವರು ಮೂಗು ಒರೆಸಿಕೊಂಡು ವಾಪಸ್ ಹೋಗಿ ಮೈಕ್ ಹಿಡಿದರು.

"ಈಗ ಹೇಳಿದ್ದೆಲ್ಲ ವಾಪಸ್. ಮನುಷ್ಯ ಬದುಕಿದ್ದಾನೆ."

ಶಾಲು, ಪೇಟ ತರಲು ಹೊರಗೆ ಹೋಗಿದ್ದ ಎಂಜಿನಿಯರ್ ಓಡಿ ಬಂದ, "ಸಾರಿ ಅಂಕಲ್, ಸಾರಿ," ಅನ್ನುತ್ತ ಹಾರ ತೆಗೆಯಲು ಕೈಹಾಕಿದ. ನಾನು ಅವನ ಕೈ ಹಿಡಿದೆ.

"ಇರಲಿ ಬಿಡಪ್ಪಾ. ಫಲಿತಾಂಶ ಹೇಳೋವರೆಗೂ ನಾನು ಸತ್ತೇ ಇರ್ತೀನಿ."