ಹವಾಮಾನ ಕಚೇರಿಯವನ ಕೊಡೆ

ಎಲ್ಲಕ್ಕೂ ಕಾರಣ ಸಾಹೇಬರು ಹೋಗಿಬಂದ ಒಂದು ಸೆಮಿನಾರು. ಜ್ಞಾನವೆಲ್ಲ ಜನಸಾಮಾನ್ಯರಲ್ಲೇ ಅಡಗಿದೆ ಎಂಬ ಸತ್ಯ ಅವರಿಗೆ ಏಸಿ ಹಾಲಿನಲ್ಲಿ ಹೊಳೆಯಿತು. ಅದನ್ನು ಅಗೆದು ತರುವ ಕೆಲಸ ಮಾತ್ರ ಹವಾಮಾನ ಕಚೇರಿಯ ಗುಮಾಸ್ತನ ಕೊರಳಿಗೆ ಬಿತ್ತು.

"ಮಳೆ ಬರೋದು ನಿಮ್ಮ ಬೀದಿಯವರಿಗೆ ಹೇಗೆ ಮೊದಲೇ ಗೊತ್ತಾಗುತ್ತೆ? ಸಂಜೆಯೊಳಗೆ ಬಂದು ಹೇಳ್ಬೇಕು. ಇಲ್ದಿದ್ರೆ ಬೋಳುಗುಡ್ಡದ ಕೇಂದ್ರಕ್ಕೆ ವರ್ಗ!"

ಆ ಗುಡ್ಡದಲ್ಲಿ ಮಳೆ ಅಳೆಯುವ ಡಬ್ಬಿಯೊಳಗೆ ಜೇಡವೊಂದು ಯಾವ ಭಯವೂ ಇಲ್ಲದೆ ಸಂಸಾರ ಹೂಡಿತ್ತು.

ಗುಮಾಸ್ತ ತನ್ನ ಬೀದಿಗೆ ಓಡಿಬಂದು ಮೊದಲು ದರ್ಜಿಯನ್ನು ಹಿಡಿದ.

"ಮಂಡಿ ನೋಯುತ್ತೆ ಸ್ವಾಮಿ, ಅದೇ ಗುರುತು."

"ಯಾವಾಗ ನೋಯುತ್ತೆ?"

"ಯಾವಾಗ್ಲೂ."

ನಿವೃತ್ತ ಮೇಷ್ಟ್ರು ಇರುವೆಗಳ ಸಾಲು ತೋರಿಸಿ, "ಹಿಂದೆಯೇ ಹೋಗಿ, ವಿಜ್ಞಾನ ಅಲ್ಲಿದೆ" ಎಂದರು. ಗುಮಾಸ್ತ ಮಂಡಿಯೂರಿ ತೆವಳುತ್ತಾ ಹೋದ. ಸಾಲು ಅವರ ಅಡುಗೆಮನೆಯ ಸಕ್ಕರೆ ಡಬ್ಬಿಗೆ ಮುಟ್ಟಿತು. ಗುಮಾಸ್ತನ ಬೆನ್ನಿಗೆ ಮೇಷ್ಟ್ರ ಹೆಂಡತಿಯ ಪೊರಕೆ ಮುಟ್ಟಿತು.

ಬೆನ್ನು ಸವರಿಕೊಳ್ಳುತ್ತಾ ಹೊರಬಂದವನು ತಟ್ಟನೆ ನಿಂತ. ಸುಡುಬಿಸಿಲು. ಆದರೂ ಬೀದಿಯ ಯಾವ ಹಗ್ಗದ ಮೇಲೂ ಒಂದು ಕರವಸ್ತ್ರ ಕೂಡ ಇಲ್ಲ! ಅವನು ಆಶ್ಚರ್ಯಪಡುವಷ್ಟರಲ್ಲಿ ಮೋಡ ಕವಿದು, ಕೊಡಗಟ್ಟಲೆ ಸುರಿದಂತೆ ಮಳೆ ಬಂತು.

ಎದುರು ಮನೆಯ ಅಕ್ಕ ಅವನನ್ನು ಒಳಗೆಳೆದು ಟವೆಲು ಕೊಟ್ಟಳು. "ತಲೆ ಒರೆಸ್ಕೊ. ನಿನ್ನ ಬಟ್ಟೇನೂ ಬೆಳಗ್ಗೆನೇ ಎತ್ತಿಟ್ಟಿದ್ದೀನಿ." ಅವನ ಅಂಗಿಗಳನ್ನು ಮೂಲೆಯಲ್ಲಿ ನೀಟಾಗಿ ಮಡಿಸಿಟ್ಟು, ಬಿದ್ದುಹೋಗಿದ್ದ ಒಂದು ಗುಂಡಿಯನ್ನೂ ಹೊಲಿದಿದ್ದಳು.

"ಬೆಳಗ್ಗೆನೇ ಹೇಗೆ ಗೊತ್ತಾಯ್ತಕ್ಕಾ? ನನ್ನ ನೌಕರಿ ಪ್ರಶ್ನೆ, ಹೇಳು."

ಅಕ್ಕ ಸೆರಗಿನ ತುದಿ ತಿರುವಿದಳು. "ಬೇಜಾರು ಮಾಡ್ಕೋಬೇಡ ಕಣೋ. ನೀನು ನಿಮ್ಮ ಆಫೀಸಿನ ಮಾತು ನಂಬಿ ಕೊಡೆ ಬಿಟ್ಟು ಹೋದ್ಯಲ್ಲ? ಆಗ್ಲೇ ಬೀದಿಯವರೆಲ್ಲ ಬಟ್ಟೆ ಎತ್ಕೊಂಡ್ವಿ. ನೀನು ಕೊಡೆ ಹಿಡ್ಕೊಂಡು ಹೋದ ದಿನ ಕಂಬಳಿ ಒಗೀತೀವಿ."

ಸಂಜೆ ಗುಮಾಸ್ತ ಮಾನ ಮರ್ಯಾದೆ ಪಕ್ಕಕ್ಕಿಟ್ಟು ಇದ್ದದ್ದನ್ನು ಇದ್ದಂತೆ ಹೇಳಿದ. ಸಾಹೇಬರು ನಗಲಿಲ್ಲ. ಕನ್ನಡಕ ತೆಗೆದರು.

"ಒಂದು ಸಲಾನೂ ತಪ್ಪಿಲ್ವಾ?"

"ಇಲ್ಲ ಸಾರ್."

"ಶಭಾಷ್! ನಮ್ಮ ಕಂಪ್ಯೂಟರಿಗೂ ಈ ಯೋಗ್ಯತೆ ಇಲ್ಲ ಕಣ್ರೀ."

ವರ್ಗ ತಪ್ಪಿತೆಂದು ಗುಮಾಸ್ತ ಹಿಗ್ಗಿ ಕೈಮುಗಿದ.

"ಇಂಥ ಜ್ಞಾನ ಸುಮ್ನೆ ಕೊಳೀಬಾರದು. ಎಲ್ಲಿ ಮಳೆ ಇಲ್ವೋ ಅಲ್ಲಿ ಬಳಸ್ಬೇಕು. ನಾಳೆನೇ ಬೋಳುಗುಡ್ಡಕ್ಕೆ ಹೊರಡಿ," ಎಂದ ಸಾಹೇಬರು ಪ್ರೀತಿಯಿಂದ ಕೈಚಾಚಿದರು. "ಕೊಡೆ ಮಾತ್ರ ತಂದು ಇಲ್ಲಿ ಕೊಟ್ಟು ಹೋಗಿ."