ತಲೆಗೆ ತಲೆ

ಇಷ್ಟೂ ರಾಮಾಯಣ ಶುರುವಾಗಿದ್ದು ತಿಮ್ಮರಾಜು ಹಿಂದಿನ ಸಂಜೆ ಹಾಕಿದ ಒಂದು ಕೂಗಿನಿಂದ.

"ಇನ್ಮೇಲೆ ಈ ಮನೇಲಿ ಯಾರಾದ್ರೂ ಆ ಟೋಪಿ ವಿಚಾರ ಎತ್ತಿದ್ರೆ ನಾನು ಮನುಷ್ಯನಾಗಿರಲ್ಲ!"

"ಅಲ್ಲ ಕಣ್ಲಾ, ಆ ಟೋಪಿ..." ಎಂದು ಬಾಯಿ ತೆರೆದಿದ್ದ ಅವನ ತಾಯಿ ಚಿಕ್ಕಮಾರಮ್ಮ ಟಪ್ಪನೆ ಬಾಯಿ ಮುಚ್ಚಿದಳು. ಸೊಸೆಗೆ ಸ್ಕೂಲು, ಮಗನಿಗೆ ಡ್ಯೂಟಿ ಎಂದು ಪಾಪುವನ್ನು ತಾನೇ ಎತ್ತಿಕೊಂಡು ಬಿಸಿಲಲ್ಲಿ ಚೆಕಪ್ಪಿಗೆ ಹೋಗಿ ಬಂದವಳು. ಬಂದವಳಿಗೆ ಒಂದು ಲೋಟ ನೀರೂ ಇಲ್ಲ, ಮೇಲೆ ಬೈಗುಳ. ಮುಖ ಊದಿಸಿಕೊಂಡು ರೂಮು ಸೇರಿದಳು.

ತಿಮ್ಮರಾಜುವಿನದೂ ತಪ್ಪಲ್ಲ ಬಿಡಿ. ಸದಾ ಅಂಗಾತ ಮಲಗಿ ಮಲಗಿ ಪಾಪು ಮಾನಸಾಳ ತಲೆ ಹಿಂದೆ ಚಪ್ಪಟೆಯಾಗಿತ್ತು. ಡಾಕ್ಟರು ಅಳತೆ ತೆಗೆದು ಗುಲಾಬಿ ಬಣ್ಣದ ಹೆಲ್ಮೆಟ್ ಮಾಡಿಸಿಕೊಟ್ಟಿದ್ದರು. ಸ್ನಾನದ ಹೊತ್ತು ಬಿಟ್ಟರೆ ಹಗಲೂ ರಾತ್ರಿ ಹಾಕಿರಬೇಕು; ಬೆಳೆಯುವ ತಲೆ ಜಾಗ ಇರುವ ಕಡೆ ತುಂಬಿಕೊಂಡು ಗುಂಡಗಾಗುತ್ತದೆ ಎಂದಿದ್ದರು. ಮಗುವಿನ ತಲೆ ಗುಂಡಗಾಗುವುದರೊಳಗೆ ಅಪ್ಪನ ತಲೆ ಕೆಟ್ಟು ಹೋಯಿತು. ಸದಾಶಿವನಗರದಲ್ಲಿ ಅವನನ್ನು ಹಿಡಿದು ನಿಲ್ಲಿಸಿ ಕೇಳದವರೇ ಇಲ್ಲ. ಎದುರುಮನೆ ಸರ್ವಮಂಗಳಮ್ಮ, "ಬೈಕಿಂದ ಬೀಳ್ಸಿದ್ಯೇನಪ್ಪ ಮಗೂನ?" ಎಂದರು. ಬಿದರೆಹಳ್ಳಿ ಕಾವಲ್‌ನ ಹೆಲಿಕಾಪ್ಟರ್ ಫ್ಯಾಕ್ಟರಿಗೆ ಅವನು ಓಡಿಸುವ ಸ್ಟಾಫ್ ಬಸ್ಸಿನಲ್ಲಿ, "ಏನ್ ಡ್ರೈವರಣ್ಣ, ಮಗಳನ್ನ ಈಗ್ಲೇ ಪೈಲಟ್ ಮಾಡ್ತಿದೀರಾ?" ಎಂದು ದಿನವೂ ಅದೇ ಜೋಕು, ಅದೇ ನಗು. ಕುಣಿಗಲ್ಲಿನ ಅತ್ತೆ ಲಕ್ಷ್ಮೀದೇವಮ್ಮನಂತೂ ಫೋನು ಮಾಡಿದಾಗಲೆಲ್ಲ, "ನಮ್ ಕಡೆ ಯಾರ ತಲೇನೂ ಚಪ್ಪಟೆ ಇಲ್ಲಪ್ಪ" ಎನ್ನುವರು.

"ನಮ್ ಕಡೇನೂ ಎಲ್ಲಾ ತೆಂಗಿನಕಾಯಿ ಥರ ದುಂಡಗೇ ಇದೀವಿ ಅತ್ತೆ" ಎಂದು ಇವನು ಹಲ್ಲು ಕಡಿಯುತ್ತಿದ್ದ.

ಈಗ ಬೆಳಿಗ್ಗೆ ಎದ್ದು ನೋಡಿದರೆ ಹೆಲ್ಮೆಟ್ಟೇ ಇಲ್ಲ. ರಾತ್ರಿ ಹೆಂಡತಿ ವಾಣಿಶ್ರೀ ಪರೀಕ್ಷೆ ಪೇಪರ್ ತಿದ್ದುತ್ತಾ ಕೂತಿದ್ದರಿಂದ ಪಾಪು ಅಜ್ಜಿಯ ಮಗ್ಗುಲಲ್ಲಿ ಮಲಗಿತ್ತು.

"ನಿಮ್ಮಮ್ಮನ್ನ ಕೇಳಿದ್ರೆ, ನಿನ್ ಗಂಡನ್ನೇ ಕೇಳು ಅಂತಾರೆ. ಚೆಕಪ್ ಏನಾಯ್ತು ಅಂದ್ರೂ ಅದೇ ಉತ್ತರ" ಎಂದು ವಾಣಿಶ್ರೀ ಬ್ಯಾಗು ಹೆಗಲಿಗೇರಿಸಿದಳು. ಅವಳ ಕಣ್ಣು ಕೆಂಪಗಿತ್ತು. "ನೋಡು ತಿಮ್ಮರಾಜು, ಇಷ್ಟು ತಿಂಗಳು ಊರವರ ಬಾಯಿಗೆಲ್ಲ ಬಿದ್ದು ಆ ತಲೇನ ಒಂದು ಹದಕ್ಕೆ ತಂದಿದೀನಿ. ನಾನು ಸ್ಕೂಲಿಂದ ಬರೋದ್ರೊಳಗೆ ಹೆಲ್ಮೆಟ್ ಪಾಪು ತಲೆ ಮೇಲಿರ್ಬೇಕು. ಇಲ್ಲಾಂದ್ರೆ ಅಮ್ಮ ಇವತ್ತು ಬರ್ತಿದ್ದಾರೆ, ಅವರ ಜೊತೇಲೇ ಪಾಪುನ ಎತ್ಕೊಂಡು ಕುಣಿಗಲ್ಲಿಗೆ ಹೊರಟೆ."

ಅವಳು ಗೇಟು ದಾಟಿದ್ದೇ ತಿಮ್ಮರಾಜು ತಾಯಿಯ ಮುಂದೆ ನಿಂತ. "ಎಲ್ಲವ್ವ ಅದು?"

"ಆ ವಿಚಾರ ಎತ್ಬ್ಯಾಡ ಅಂದೋನು ನೀನೇ ತಾನೆ?"

"ಈಗ ನಾನೇ ಕೇಳ್ತಾ ಇದೀನಿ, ಎಲ್ಲಿ?"

"ಮಗೀಗೆ ದೃಷ್ಟಿ ತೆಗ್ದು, ಮೂರ್ ದಾರಿ ಕೂಡೋ ಕಡೆ ಬುಟ್ಟು ಬಂದೆ. ಯಾಕಂದ್ರೆ..."

"ಥೂ ನಿನ್ನ! ದೃಷ್ಟಿ ತೆಗೆಯೋಕೆ ಮೆಣಸಿನಕಾಯಿ ಸಾಲ್ದೇ ಹೋಯ್ತಾ? ಹೆಲ್ಮೆಟ್ಟೇ ಬೇಕಿತ್ತಾ?"

ಯಾಕಂದರೆ ಏನು ಎಂದು ಕೇಳುವಷ್ಟು ತಾಳ್ಮೆ ಅವನ ವಂಶದಲ್ಲೇ ಇರಲಿಲ್ಲ. ಡ್ಯೂಟಿಗೆ ರಜೆ ಹೇಳಿ, ತನ್ನ ಹೆಲ್ಮೆಟ್ ತಲೆಗೇರಿಸಿ ಬೈಕು ಒದ್ದ. ಹೊಸ ಹೆಲ್ಮೆಟ್ಟು, ಆದರೂ ಹಿಂದೆ ಲೊಡಲೊಡ ಎನ್ನುತ್ತಿತ್ತು. ಯಾವ ಕಂಪನಿಯದು ತಂದರೂ ಅವನಿಗೆ ಹಾಗೇ. ಕಂಪನಿಯವರನ್ನು ಬೈದುಕೊಂಡೇ ಹಾಕುತ್ತಿದ್ದ.

ಮೂರು ದಾರಿಯಲ್ಲಿ ಒಡೆದ ನಿಂಬೆಹಣ್ಣಿತ್ತು, ಕುಂಕುಮವಿತ್ತು. ಹೆಲ್ಮೆಟ್ ಇರಲಿಲ್ಲ. ಹಾಲು ತರಲು ಬಂದ ಸರ್ವಮಂಗಳಮ್ಮ ಕೇಳದೆಯೇ ವರದಿ ಕೊಟ್ಟರು. "ಕಸದ ಗಾಡಿಯೋರು ಮುಟ್ಲಿಲ್ಲ ಕಣಪ್ಪ, ಕುಂಕುಮ ನೋಡಿ ಹೆದರ್ಕೊಂಡ್ರು. ಮೇಸ್ತ್ರಿ ಗಂಗಣ್ಣ ಎತ್ಕೊಂಡು ಗುಬ್ಬಿಗೆ ಹೋದ. ಅಲ್ಯಾವ್ದೋ ಮನೆ ತಾರಸಿಗೆ ಇವತ್ತು ಮೋಲ್ಡ್ ಹಾಕ್ತಾರಂತೆ."

ಗುಬ್ಬಿಯ ದಾರಿಯಲ್ಲಿ ಫೋನು ಬಡಿದುಕೊಂಡಿತು. ಅವ್ವ. ಕಟ್ ಮಾಡಿದ. ಮತ್ತೆ ಬಡಿದುಕೊಂಡಿತು. "ಟೋಪಿ ವಿಚಾರ..." ಎಂದಿತು ಆ ಕಡೆಯ ದನಿ. "ಇಡವ್ವ ಫೋನು!" ಎಂದು ಇವನು ಕೂಗಿದ ರಭಸಕ್ಕೆ ಪಕ್ಕದಲ್ಲಿ ಮೇಯುತ್ತಿದ್ದ ಎಮ್ಮೆ ರಸ್ತೆಗೆ ಹಾರಿತು.

ಗುಬ್ಬಿಯ ಕೊನೆಯಲ್ಲಿ ಕೊಬ್ಬರಿ ವ್ಯಾಪಾರಿ ಬಸವಪ್ರಭು ಕಟ್ಟಿಸುತ್ತಿದ್ದ ಮನೆ. ಕಾಂಕ್ರೀಟ್ ಮಿಕ್ಸರು ಗುಡುಗುಟ್ಟುತ್ತಿತ್ತು. ಮಹಡಿಯ ಮೂಲೆಯ ಗಳುವಿಗೆ ದೃಷ್ಟಿಬೊಂಬೆ ನೇತಾಡುತ್ತಿತ್ತು: ಹರಿದ ಪ್ಯಾಂಟು, ಹುಲ್ಲು ತುರುಕಿದ ಶರ್ಟು, ಮೇಲೆ ಗುಲಾಬಿ ಹೆಲ್ಮೆಟ್. ಅದಕ್ಕೆ ಕಪ್ಪು ಪೇಂಟಿನಲ್ಲಿ ಗಿರಿಜಾ ಮೀಸೆ, ಕೋರೆಹಲ್ಲು, ಕೆಂಪು ನಾಲಿಗೆ. ಮಗಳ ತಲೆಯನ್ನು ಗುಂಡಗೆ ಮಾಡಲು ತಂದ ಸಾಮಾನು ಊರಿಗೆಲ್ಲ ಹಲ್ಲು ಕಿರಿಯುತ್ತಿತ್ತು.

"ಗಂಗಣ್ಣ, ಇಳ್ಸು ಅದನ್ನ! ನನ್ ಮಗಳ್ದು!"

"ಮೂರು ದಾರೀಲಿ ಬಿಟ್ಟಿದ್ದು ಯಾರ್ದೂ ಅಲ್ಲ" ಎಂದ ಗಂಗಣ್ಣ ತಣ್ಣಗೆ. "ಒಂದ್ಸಲ ದೃಷ್ಟಿ ಕುಡಿದಿರೋ ಮಾಲು ಇದು. ಇಂಜೆಕ್ಷನ್ ಚುಚ್ಚಿದಂಗೆ ಲೆಕ್ಕ. ಬೇರೆ ದೃಷ್ಟಿ ಹತ್ರಕ್ಕೂ ಸುಳಿಯಲ್ಲ."

ಬಸವಪ್ರಭು ವಿಭೂತಿ ಹಚ್ಚಿದ ಹಣೆಯನ್ನು ಒರೆಸಿಕೊಂಡರು. "ನೋಡಪ್ಪ, ಮೋಲ್ಡ್ ಬೀಳ್ತಾ ಇರೋವಾಗ ಬೊಂಬೆ ರುಂಡ ತೆಗೆದ್ರೆ ಯಜಮಾನನ ರುಂಡಕ್ಕೇ ಬರುತ್ತೆ. ಆಗಲ್ಲ."

"ಸ್ವಾಮಿ, ಸಾಯಂಕಾಲದೊಳಗೆ ಇದು ಮನೇಲಿಲ್ಲ ಅಂದ್ರೆ ನನ್ ಹೆಂಡ್ತಿ ಮನೇಲಿರಲ್ಲ. ನನ್ ರುಂಡ ಆಗ್ಲೇ ಹೋಗಿದೆ!"

ಬಸವಪ್ರಭು ಸ್ವಲ್ಪ ಕರಗಿದರು. "ಹಂಗಾದ್ರೆ ತಲೆಗೆ ತಲೆ ಕೊಡು."

ಎಲ್ಲರ ಕಣ್ಣೂ ಒಟ್ಟಿಗೆ ತಿಮ್ಮರಾಜುವಿನ ತಲೆಯ ಮೇಲೆ ಬಿದ್ದವು. ಅವನು ಬಾಯಲ್ಲೇ ಏನೋ ಬೈದುಕೊಂಡು ತನ್ನ ಹೊಸ ಹೆಲ್ಮೆಟ್ ಬಿಚ್ಚಿ ಕೊಟ್ಟ. ಗಂಗಣ್ಣ ಅದನ್ನು ಒಂದು ಗುಂಡನೆಯ ಮಡಕೆಗೆ ತೊಡಿಸಿ ಅಲ್ಲಾಡಿಸಿ ನೋಡಿದ. "ಆಹಾ, ಅಳತೆ ತೆಗೆದು ಮಾಡ್ಸಿದಂಗೆ ಕೂತ್ಕಂತು!" ಎಂದು ಬ್ರಷ್ಷು ಅದ್ದಿದ.

ವಾಪಸ್ ಬರುವಾಗ ಗುಬ್ಬಿ ಗೇಟಿನಲ್ಲಿ ಟ್ರಾಫಿಕ್ ಪೊಲೀಸು ಕೈ ಅಡ್ಡ ಹಾಕಿದ.

"ಹೆಲ್ಮೆಟ್ ಎಲ್ಲಯ್ಯಾ?"

ತಿಮ್ಮರಾಜು ಗಾಬರಿಯಲ್ಲಿ ಟ್ಯಾಂಕಿನ ಮೇಲಿದ್ದುದನ್ನೇ ಎತ್ತಿ ತೋರಿಸಿದ.

"ಯಾರ್ದಿದು?"

"ಮಗಳದು ಸಾರ್. ಒಂಬತ್ತು ತಿಂಗಳು."

"ಒಂಬತ್ತು ತಿಂಗಳ ಮಗಳಿಗೆ ಮೀಸೇನಾ?"

ಅವನು ಹೇಳಿದ ಕತೆಯನ್ನು ಪೊಲೀಸು ಪೂರ್ತಿ ಕೇಳಿದ. ಇನ್ನೊಬ್ಬ ಪೊಲೀಸನನ್ನು ಕರೆದು ಅವನಿಗೂ ಹೇಳಿಸಿದ. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಕ್ಕ ಮೇಲೆ ಫೈನ್ ಹಾಕಿದರು.

ಆಮೇಲೆ ಪೇಂಟ್ ಅಂಗಡಿ, ಥಿನ್ನರು, ಬಟ್ಟೆ. ಫುಟ್‌ಪಾತ್ ಮೇಲೆ ಕೂತು ಉಜ್ಜಿದ. ಹಲ್ಲು ಹೋಯಿತು, ನಾಲಿಗೆ ಹೋಯಿತು, ಮೀಸೆಯ ಎಡಗಡೆ ಹೋಯಿತು. ಬಲಗಡೆಯದು ಜಪ್ಪಯ್ಯ ಅಂದರೂ ಹೋಗಲಿಲ್ಲ. ಆಗಲೇ ಅವ್ವನ ಇನ್ನೊಂದು ಫೋನು. ಸ್ವಿಚ್ಚೇ ಆಫ್ ಮಾಡಿದ.

ಬೈಕು ಮನೆಯ ಮುಂದೆ ನಿಂತಾಗ ಬಿಸಿಲು ಇಳಿದಿತ್ತು. ಜಗುಲಿಯ ಮೇಲೆ ವಾಣಿಶ್ರೀ, ಕುಣಿಗಲ್ಲಿನ ಅತ್ತೆ, ಗೇಟಿಗೆ ಒರಗಿದ ಸರ್ವಮಂಗಳಮ್ಮ. ಚಿಕ್ಕಮಾರಮ್ಮನ ಕಂಕುಳಲ್ಲಿ ಪಾಪು ಬರಿದಲೆಯಲ್ಲಿ ಕೇಕೆ ಹಾಕುತ್ತಿತ್ತು. ತಿಮ್ಮರಾಜು ಕಪ್ ಗೆದ್ದವನಂತೆ ಹೆಲ್ಮೆಟ್ ಎತ್ತಿ ಹಿಡಿದ.

"ತಗೋ ವಾಣಿ! ನಾನು ಅಂದ್ರೆ ಏನನ್ಕೊಂಡಿದೀಯ?"



"ಅದು ಇನ್ನು ಬೇಡ ಕಣೋ" ಎಂದಳು ವಾಣಿಶ್ರೀ. ನಗಬೇಕೋ ಅಳಬೇಕೋ ಅವಳಿಗೂ ತಿಳಿದಂತಿರಲಿಲ್ಲ. "ಮಧ್ಯಾಹ್ನ ಡಾಕ್ಟ್ರಿಗೇ ಫೋನ್ ಮಾಡ್ದೆ. ತಲೆ ಸರಿಹೋಗಿದೆ, ಹೆಲ್ಮೆಟ್ ಸಾಕು, ತೆಗೆದುಬಿಡಿ ಅಂತ ನೆನ್ನೇನೇ ಅತ್ತೆಗೆ ಹೇಳಿ ಕಳ್ಸಿದ್ರಂತೆ."

ತಿಮ್ಮರಾಜು ನಿಧಾನವಾಗಿ ತಾಯಿಯ ಕಡೆ ತಿರುಗಿದ. "ಅವ್ವ... ಹೇಳೋಕೇನಾಗಿತ್ತು ನಿಂಗೆ?"

"ಟೋಪಿ ವಿಚಾರ ಅಂತ ನಾನು ಬಾಯ್ಬುಟ್ಟಾಗೆಲ್ಲ ನಾಯಿಯಂಗೆ ಬೊಗಳ್ದೆ. ಯಾರ್ಗೇಳಾನ? ಕೆಲ್ಸ ಮುಗುದ್ ಸಾಮಾನು, ಮಗೀನ ದೃಷ್ಟಿಯೆಲ್ಲಾ ಅದ್ರಲ್ಲೇ ಹೋಗ್ಲಿ ಅಂತ ಕಳೆದು ಬಂದ್ರೆ..." ಅಷ್ಟರಲ್ಲಿ ಅವಳ ಕಣ್ಣು ದೊಡ್ಡದಾಯಿತು. "ಅಯ್ಯಯ್ಯಪ್ಪ! ಮೂರ್ ದಾರೀಲಿ ಬುಟ್ಟಿದ್ದನ್ನ ಮನೆ ಬಾಗ್ಲಿಗೇ ಹೊತ್ಕೊಂಡು ಬಂದವ್ನೆ! ಲೇ, ಹೊಸ್ಲು ತುಳಿದೀಯ! ಅಲ್ಲೇ ಕುಂತ್ಕೊ!"

ಪಾಪುವನ್ನು ಸೊಸೆಯ ಕೈಗಿಟ್ಟು, ಅರಿಶಿನ ಕಲೆಸಿದ ನೀರಿನ ಕೊಡ, ಚೊಂಬು ತಂದಳು. ಸೋತು ಸುಣ್ಣವಾಗಿದ್ದ ತಿಮ್ಮರಾಜು ಮೆಟ್ಟಿಲ ಮೇಲೆ ಕುಸಿದ. ದಬದಬ ನೀರು ಬಿತ್ತು. ಗುಂಗುರು ಕೂದಲೆಲ್ಲ ತಲೆಗೆ ಅಂಟಿಕೊಂಡಿತು.

ಅವನ ಹಿಂದೆ ನಿಂತಿದ್ದ ಲಕ್ಷ್ಮೀದೇವಮ್ಮ ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. "ಅಳಿಯಂದ್ರೆ, ಸ್ವಲ್ಪ ಆ ಕಡೆ ತಿರುಗಿ... ಹಾಂ, ಹಾಗೇ ಇರಿ. ವಾಣಿ, ಬಾರೇ ಇಲ್ಲಿ."

ಒದ್ದೆ ಕೂದಲ ಕೆಳಗೆ ತಿಮ್ಮರಾಜುವಿನ ಹಿಂದಲೆ ರೊಟ್ಟಿ ಹಂಚಿನಷ್ಟು ಸಪಾಟಾಗಿತ್ತು.

ಚಿಕ್ಕಮಾರಮ್ಮ ಚೊಂಬು ಹಿಡಿದೇ ನೆಲ ನೋಡಿದಳು. "ತೊಟ್ಲಲ್ಲಿ ಅಂಗಾತ್ವೇ ಮಲಗ್ಸಿ ಕೂಲಿಗೋಯ್ತಿದ್ದೆ ಕಣವ್ವ. ಕೂದ್ಲು ಮುಚ್ಕಂತು, ನಾನೂ ಸುಮ್ಕಾದೆ."

"ಅದಕ್ಕೇ ಮತ್ತೆ ಇವನ ಹೆಲ್ಮೆಟ್ ಯಾವಾಗ್ಲೂ ಹಿಂದೆ ಲೊಡಲೊಡ ಅನ್ನೋದು!" ಎಂದರು ಗೇಟಿನಿಂದ ಸರ್ವಮಂಗಳಮ್ಮ. ಅವರ ದನಿ ಮುಂದಿನ ಬೀದಿಗೂ ಕೇಳುವಂತಿತ್ತು.

ಬೆಳಗಿನಿಂದ ಬಿಗಿದಿದ್ದ ವಾಣಿಶ್ರೀಯ ಮುಖ ಒಮ್ಮೆಲೇ ಸಡಿಲವಾಯಿತು. ನಗುನಗುತ್ತಲೇ ಅರ್ಧ ಮೀಸೆಯ ಹೆಲ್ಮೆಟ್ ಕಡೆ ಕೈ ತೋರಿಸಿ, "ದೊಡ್ಡ ಸೈಜಲ್ಲೂ ಮಾಡ್ತಾರಾ ಅಂತ ಡಾಕ್ಟ್ರನ್ನ ಕೇಳ್ಲೇನೋ?" ಎಂದಳು. ಪಾಪು ಚಪ್ಪಾಳೆ ತಟ್ಟಿತು.

"ಇನ್ನೊಂದ್ಸಲ ಈ ಮನೇಲಿ ಯಾರಾದ್ರೂ ಆ ಟೋಪಿ ವಿಚಾರ..." ಎಂದು ತಿಮ್ಮರಾಜು ಬಾಯಿ ತೆರೆದ.

ತೆರೆದ ಬಾಯಿಗೇ ಚಿಕ್ಕಮಾರಮ್ಮ ಇನ್ನೊಂದು ಚೊಂಬು ಸುರಿದಳು.